ಹೆಡ್‌ಮಾಸ್ಟರು ಕೂತ ಕುರ್ಚಿ

"ಇಂಥ ತಲೆಕೆಟ್ಟವನ ಜೊತೆ ಅವನ ಹೆಂಡತಿ ಅದು ಹೇಗೆ ಸಂಸಾರ ಮಾಡಿದ್ಲೋ?" ಎಂದು, ಮ್ಯೂಸಿಯಂ ಆಗಿದ್ದ ಕಲಾವಿದನೊಬ್ಬನ ಮನೆಯಲ್ಲಿ ಅವನ ಚಿತ್ರಗಳನ್ನು ನೋಡುತ್ತಾ ಹೆಡ್‌ಮಾಸ್ಟರು ಯಾರಿಗೆಂದಿಲ್ಲದೆ ಕೇಳಿದರು. ತಮ್ಮ ಮಾತಿಗೆ ತಾವೇ ನಗುತ್ತಾ ಪಕ್ಕದ ಕುರ್ಚಿಯ ಮೇಲೆ ಧಪ್ಪನೆ ಕೂತರು. ಲಟಕ್ಕೆಂದು ಸದ್ದಾಯಿತು. ಕುರ್ಚಿಗೆ ಮನುಷ್ಯರ ಕಾಲಿನಂತೆ ಕೆತ್ತಿದ ಮರದ ಕಾಲುಗಳಿದ್ದವು. ಅವುಗಳಲ್ಲೊಂದು ಮಂಡಿಯ ಬಳಿ ಮುರಿದು ನೆಲದ ಮೇಲೆ ಉರುಳಿದಾಗಲೇ, ಅದು ಕೂರುವುದಕ್ಕಲ್ಲ, ನೋಡುವುದಕ್ಕೆ ಇಟ್ಟದ್ದು ಎಂದು ಅವರಿಗೆ ಹೊಳೆದದ್ದು.

ಮೋಡ ತುಂಬಿದ ಬೂಟಿನ ಚಿತ್ರ ನೋಡುತ್ತಿದ್ದ ಅವರ ಹೆಂಡತಿ ತಿರುಗಿದಳು. ಅವರೊಂದಿಗೆ ಬಂದ ಪ್ರವಾಸದ ಬಸ್ಸಿನವರೆಲ್ಲ ಸದ್ದು ಕೇಳಿ ಬಾಗಿಲಲ್ಲಿ ಗುಂಪುಗೂಡಿದ್ದರು. ಬೆಳಗಿನಿಂದ ಅವರಿಗೆಲ್ಲ ಶಿಸ್ತಿನ ಪಾಠ ಹೇಳಿದ್ದವರು ಈಗ ಮುರಿದ ಕಾಲನ್ನು ಚಪ್ಪಲಿಯಿಂದ ಮೆಲ್ಲಗೆ ಕುರ್ಚಿಯ ಅಡಿಗೆ ತಳ್ಳುತ್ತಿದ್ದರು.

"ಏ, ನೀನೇ ಕೂತೆ ಅಂತ ಹೇಳಿಬಿಡೇ," ಎಂದು ಪಿಸುಗುಟ್ಟಿದರು. "ಮಂಡಿನೋವು ಅನ್ನು. ಹೆಂಗಸಿಗೆ ಯಾರೂ ಏನೂ ಅನ್ನಲ್ಲ. ನನ್ನ ಮರ್ಯಾದೆ ಪ್ರಶ್ನೆ."

ರೈಲು ತಪ್ಪಿಸಿದ್ದೂ, ಬೀಗರನ್ನು ಊಟಕ್ಕೆ ಕರೆಯಲು ಮರೆತದ್ದೂ ಆಕೆಯೇ ಎಂದು ನೆಂಟರಿಷ್ಟರು ಇಂದಿಗೂ ನಂಬಿದ್ದಾರೆ. ಪ್ರತಿಸಲವೂ ಆಕೆ ತಲೆ ತಗ್ಗಿಸಿ ಹೂಂ ಅಂದಿದ್ದಳು, ಈ ಮನುಷ್ಯನ ಸಿಟ್ಟಿಗೆ ಹೆದರಿ. ಇವತ್ತು ಅವರ ಮುಖವನ್ನು ದಿಟ್ಟಿಸಿ ನೋಡಿದಳು. ಬೆವರಿತ್ತು, ಗಲ್ಲ ಅದುರುತ್ತಿತ್ತು. ಹೆದರುವಂಥದ್ದು ಅಲ್ಲಿ ಏನೂ ಇರಲಿಲ್ಲ. ಇಷ್ಟಕ್ಕಾಗಿಯೇ ಇಷ್ಟು ವರ್ಷ ನಡುಗಿದೆನೆ ಎಂದು ಹೇಸಿಗೆಯಾಯಿತು.

ಕಾವಲಿನ ಹೆಂಗಸು ಓಡಿಬಂದಳು. "ಯಾರ್ರೀ ಕೂತಿದ್ದು?"

ಹೆಡ್‌ಮಾಸ್ಟರು ಹೆಂಡತಿಯನ್ನು ಮೊಣಕೈಯಿಂದ ತಿವಿದರು. "ಹೇಳೇ."

"ಹೇಳಲ್ಲ ರೀ," ಎಂದಳು ಆಕೆ, ಬಾಗಿಲಲ್ಲಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ.