ಮಾತಿರುವ ಪಾತ್ರ

ಮೇಕಪ್‌ನವಳು ಪಂಕಜಮ್ಮನ ಮೂಗಿಗೆ ಹತ್ತಿ ಇಟ್ಟಳು. ಧಾರಾವಾಹಿಗಳಲ್ಲಿ ಪಂಕಜಮ್ಮನಿಗೆ ಯಾವಾಗಲೂ ಸಿಗುತ್ತಿದ್ದುದು ಹೆಣದ ಪಾತ್ರ ಮಾತ್ರ.

"ಸರ್, ನಂಗೂ ಒಂದು ಮಾತಿರೋ ಪಾತ್ರ ಕೊಡಿ."

ವಯಸ್ಸಾದ ನಿರ್ದೇಶಕರು ನಕ್ಕರು. "ಹೆಣಕ್ಕೆ ಎಷ್ಟು ಬಾಯಿ ನೋಡ್ರೋ! ಆಯ್ತಮ್ಮ, ನಾನು ಕಟ್ ಅನ್ನೋವರೆಗೂ ಅಲ್ಲಾಡದೆ ಮಲಗು. ನಾಳೆಯಿಂದ ನೀನೇ ನಾಯಕಿಗೆ ಸೋದರತ್ತೆ."

ಶಾಟ್ ಶುರುವಾಯಿತು. ಮಗನ ಪಾತ್ರದವನು ಅವಳ ಮೇಲೆ ಬಿದ್ದು ಅತ್ತ. ಅವನ ಮಾತುಗಳೆಲ್ಲ ಮುಗಿದವು, ಅಳುವೂ ಬತ್ತಿತು. ಕಟ್ ಕೇಳಿಸಲಿಲ್ಲ. ತುಟಿಯ ಮೇಲೆ ನೊಣ ಕೂತರೂ ಪಂಕಜಮ್ಮ ಕದಲಲಿಲ್ಲ.

ಮಾನಿಟರ್ ಹತ್ತಿರ ಕುರ್ಚಿ ಬಿದ್ದ ಸದ್ದಾಯಿತು. ಎಲ್ಲರೂ ಆ ಕಡೆ ಓಡಿದರು.

"ಅಯ್ಯೋ, ಉಸಿರೇ ಇಲ್ಲ ಕಣ್ರೋ! ಸರ್ ಹೋಗ್ಬಿಟ್ರು!"

ಪಂಕಜಮ್ಮ ಕಣ್ಣು ತೆರೆಯಲಿಲ್ಲ. "ಸರ್," ಎಂದಳು, "ಕಟ್ ಹೇಳಿ ಸರ್."