ಸೊನ್ನೆ ತೋರಿಸಿದ ವಿಳಾಸ

ಉರಿಯುವ ಕರ್ಪೂರದ ಮೇಲೆ ಈಶ್ವರ್ ಅಂಗೈ ಇಡುವ ಮೊದಲು ಪೂಜಾರಿ ಎರ್ರೆಪ್ಪ ಇಬ್ಬರನ್ನೂ ತಡೆದ. "ಆಣಿ ಆದಮ್ಯಾಲ ನಿಮ್ಮ ಎರಡು ಮನಿ ನಡುವ ಅನ್ನ ನೀರು ಬಂದ್. ಆಮ್ಯಾಲ ತಪ್ಪಾತು ಅಂತ ಬಂದ್ರ ಬಿಡಿಸಾಕ ನನ್ನ ಕೈಲಿ ಆಗಂಗಿಲ್ಲ. ಮಾಲತೇಶಾ, ಈಶ್ವರನ ಅವ್ವನ ಕೈಯಾಗ ಉಂಡು ಬೆಳೆದಾವ ನೀನು. ಇವತ್ತಿಗೂ ನಿನ್ನ ಊಟ ಆ ಮನ್ಯಾಗ. ವಿಚಾರ ಮಾಡು."

ಮಾಲತೇಶ್ ವಿಚಾರ ಮಾಡಲಿಲ್ಲ. ಮೂರು ದಿನದಿಂದ ಅವನ ತಲೆ ಕೆಟ್ಟು ಹೋಗಿತ್ತು. ಯಶವಂತನಗರದ ಗಣಿಯಲ್ಲಿ ಅವನು ಡಂಪರ್ ಓಡಿಸುತ್ತಿದ್ದ. ಈಶ್ವರ್ ಅಲ್ಲೇ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್. ಸ್ವಂತದ್ದೊಂದು ಟಿಪ್ಪರ್ ಮಾಡಬೇಕೆಂದು ಇಬ್ಬರೂ ನಾಲ್ಕು ವರ್ಷದ ಬೋನಸ್ಸು ಕೂಡಿಸಿ ಒಂದೇ ಸಲಕ್ಕೆ ಬಿಟ್‌ಕಾಯಿನ್ ಕೊಂಡಿದ್ದರು. ಅದನ್ನು ಇಟ್ಟುಕೊಳ್ಳುವ ವಾಲೆಟ್ ಆ್ಯಪ್ ಇದ್ದದ್ದು ಈಶ್ವರನ ಫೋನಿನಲ್ಲಿ. ಮಾಲತೇಶನ ಬಳಿ ಇದ್ದದ್ದು ಆ ಬಿಟ್‌ಕಾಯಿನ್ ಬಂದು ಬಿದ್ದ ವಿಳಾಸ ಮಾತ್ರ, ಅಕ್ಷರ ಅಂಕಿಗಳ ಒಂದು ಉದ್ದನೆಯ ಸಾಲು. ಅದನ್ನು ಹಾಕಿ ಹುಡುಕಿದರೆ ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದಾದ ಬ್ಲಾಕ್‌ಚೈನ್ ದಾಖಲೆಯಲ್ಲಿ ಎಷ್ಟಿದೆ ಎಂದು ಕಾಣುತ್ತಿತ್ತು. ಕಂಪನಿ ಬಸ್ಸು ಹತ್ತಿದ ಕೂಡಲೇ ಅವನು ಅದನ್ನೊಮ್ಮೆ ನೋಡಿಕೊಳ್ಳುತ್ತಿದ್ದ. ಈ ಸೋಮವಾರ ಅಲ್ಲಿ ಸೊನ್ನೆ ಇತ್ತು.

ತಾಯಿ ಕೊಟ್ರಮ್ಮನ ಕಣ್ಣಿನ ಆಪರೇಷನ್ನಿಗೆ ತನ್ನ ಪಾಲಿನಲ್ಲಿ ಇಪ್ಪತ್ತು ಸಾವಿರದಷ್ಟು ಮಾರುತ್ತೇನೆ ಎಂದು ಈಶ್ವರ್ ಮೊದಲೇ ಹೇಳಿದ್ದ. ಅದಕ್ಕೆ ಮಾಲತೇಶನ ತಕರಾರೇನೂ ಇರಲಿಲ್ಲ. ಆದರೆ ದಾಖಲೆಯಲ್ಲಿ ಎರಡು ಸಾಲುಗಳಿದ್ದವು. ಒಂದರಲ್ಲಿ ಆ ಇಪ್ಪತ್ತು ಸಾವಿರ ಹೋಗಿತ್ತು. ಇನ್ನೊಂದರಲ್ಲಿ ಉಳಿದದ್ದೆಲ್ಲವೂ ಹೋಗಿತ್ತು, ಕಂಡು ಕೇಳರಿಯದ ಯಾವುದೋ ವಿಳಾಸಕ್ಕೆ.

"ನನ್ನ ಫೋನಿನ್ಯಾಗ ಉಳಿದದ್ದು ಹಂಗ ಐತಲೇ, ನೋಡು." ಈಶ್ವರ್ ಕೊನೆಯ ಸಲ ಫೋನು ಚಾಚಿದ.

"ಫೋನು ನಿಂದು. ಅದು ನಿನ್ನ ಮಾತು ಕೇಳ್ತೈತಿ. ಆ ದಾಖಲೆ ಯಾರ ಮಾತೂ ಕೇಳಂಗಿಲ್ಲ."

"ಅಲ್ಲಿ ಸೊನ್ನಿ ಯಾಕ ತೋರಸ್ತೈತಿ ನನಗೂ ತಿಳಿವಲ್ದು. ನಾ ಬ್ಯಾರೆ ಯಾರಿಗೂ ಕಳಿಸಿಲ್ಲ."

"ಅದನ್ನ ದೇವರ ಮುಂದ ಹೇಳು."

ಈಶ್ವರ್ ಅಂಗೈಯನ್ನು ಕರ್ಪೂರದ ಮೇಲಿಟ್ಟು ಒತ್ತಿದ. "ನಿನ್ನ ಪಾಲಿನಾಗ ನಾ ಒಂದು ಪೈಸೆ ಮುಟ್ಟಿಲ್ಲ," ಎಂದ. ಉರಿ ಆರಿತು. ಅವನು ತನ್ನ ಕೈಯನ್ನೂ ನೋಡಿಕೊಳ್ಳಲಿಲ್ಲ. ಫೋನನ್ನು ಮಾಲತೇಶನ ಜೇಬಿಗೆ ತುರುಕಿ, ಅದನ್ನು ತೆರೆಯುವ ಸಂಖ್ಯೆ ಹೇಳಿ, ಗುಡಿಯ ಮೆಟ್ಟಿಲಿಳಿದು ಹೋದ.

ಮರುದಿನ ಮಾಲತೇಶ್ ಸಂಡೂರಿಗೆ ಹೋದ. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಮೇಧಾ ಎರಡೂ ಫೋನುಗಳನ್ನು ಅಕ್ಕಪಕ್ಕ ಇಟ್ಟುಕೊಂಡಳು. ಅವಳಿಗೆ ಎರಡು ನಿಮಿಷವೂ ಬೇಕಾಗಲಿಲ್ಲ.

"ಐನೂರರ ನೋಟು ಇಟ್ಕೊಂಡು ಐವತ್ತು ರೂಪಾಯಿ ಸಾಮಾನು ತಗೊಂಡ್ರ ನೋಟು ಹರಿದು ಕೊಡ್ತೀರೇನಣ್ಣ? ಪೂರಾ ಕೊಟ್ಟು ಚಿಲ್ರೆ ಇಸ್ಕೊಂತೀರಿ. ಇಲ್ಲೂ ಹಂಗ. ಹಳೆ ವಿಳಾಸದಾಗ ಇದ್ದದ್ದಷ್ಟೂ ಹೊರಗ ಹೋಗಿ, ಉಳಿದ ಚಿಲ್ರೆ ಈ ಹೊಸ ವಿಳಾಸಕ್ಕ ವಾಪಸ್ ಬಂದೈತಿ. ಇದನ್ನ ವಾಲೆಟ್ ತಾನ ಮಾಡ್ಕೊಂಡೈತಿ. ಎರಡೂ ಇದ ವಾಲೆಟ್ಟಿನ ವಿಳಾಸ. ನೀವು ಹಳೇದೊಂದನ್ನ ನೋಡ್ಕೊಂತ ಕುಂತೀರಿ."

"ಹಂಗಾರ ದಾಖಲೆ ಸುಳ್ಳೇನು?"

"ದಾಖಲೆನೂ ಖರೆ, ವಾಲೆಟ್ಟೂ ಖರೆ. ನಿಮ್ಮ ದೋಸ್ತ ಏನೂ ತಗೊಂಡಿಲ್ಲರಿ."

ಮಾಲತೇಶನಿಗೆ ಹೋದ ಹಣ ಸಿಕ್ಕ ಸಂತೋಷ ಒಂದಿಷ್ಟೂ ಆಗಲಿಲ್ಲ. ಗುಡಿಗೆ ಹೋಗುವುದನ್ನು ಒಂದು ದಿನ ತಡೆದಿದ್ದರೆ ಸಾಕಿತ್ತು. ಇವಳನ್ನು ಮೊದಲೇ ಕೇಳಬಹುದಿತ್ತು. ನಾಚಿಕೆಯಿಂದ ಅವನು ಬಸ್ಸಿನಲ್ಲಿ ತಲೆ ಎತ್ತದೆ ಕೂತು ಊರಿಗೆ ಬಂದ.

ಈಶ್ವರನ ಮನೆಯ ಪಡಸಾಲೆಯಲ್ಲಿ ಕೊಟ್ರಮ್ಮ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ಒಳಗೆ ಈಶ್ವರ್ ಎಡಗೈಯಲ್ಲಿ ಸಾರು ತಿರುವುತ್ತಿದ್ದ. ಬಲಗೈಗೆ ಬಟ್ಟೆ ಸುತ್ತಿತ್ತು. ಮಾಲತೇಶನನ್ನು ಕಂಡು ಬಾಗಿಲಿಗೆ ಬಂದ.

"ನಂದು ತಪ್ಪಾತಲೇ," ಎಂದು ಮಾಲತೇಶ್ ಸಣ್ಣ ದನಿಯಲ್ಲಿ ಹೇಳಿ ಫೋನು ಕೊಟ್ಟ. ಈಶ್ವರ್ ಅದನ್ನು ಎಡಗೈಯಲ್ಲಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ.

"ಮಾಲತೇಶನೇನು? ನಿನ್ನೆ ಯಾಕ ಬರಲಿಲ್ಲಪ್ಪ?" ಎಂದು ಕೊಟ್ರಮ್ಮ ಇತ್ತ ತಿರುಗಿದಳು. ಗುಡಿಯ ಸುದ್ದಿಯನ್ನು ಮಗ ಅವಳಿಗೆ ಹೇಳಿರಲಿಲ್ಲ. ಕುಕ್ಕರ್ ತಾಗಿ ಕೈ ಸುಟ್ಟಿತು ಎಂದಿದ್ದ. "ಬಾ, ಕುಂದ್ರು. ಈಶ್ವರಾ, ಅವಗೂ ಒಂದು ತಾಟು ಇಡು."

ಈಶ್ವರ್ ಮಾಲತೇಶನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು.

"ಅವ ಉಂಡು ಬಂದಾನ ಯವ್ವ," ಎಂದ ಈಶ್ವರ್.

ಬೆಳಗಿನಿಂದ ಹೊಟ್ಟೆಗೆ ಏನೂ ಹಾಕದ ಮಾಲತೇಶ್ ಹೊಸ್ತಿಲ ಆಚೆಯೇ ನಿಂತು, "ಹೂನವ್ವ, ಉಂಡೀನಿ," ಎಂದ.

ಕೊಟ್ರಮ್ಮ ಪಟ್ಟಿ ಇಲ್ಲದ ಕಣ್ಣನ್ನು ಅವನತ್ತ ಹೊರಳಿಸಿದಳು.

"ಯಾರ ಮನ್ಯಾಗ?"