ಬೇಗ ಬಂದ ಅಪ್ಪ

ನಾಲ್ಕು ಗಂಟೆಗೆ ಪ್ಯೋ ಸಂಗುಕ್ ಕುರ್ಚಿ ಹಿಂದೆ ಸರಿಸಿ ಎದ್ದಾಗ ಇಡೀ ವಿಭಾಗ ತಲೆಯೆತ್ತಿ ನೋಡಿತು.

"ಏನಪ್ಪಾ ಪ್ಯೋ, ಸೂರ್ಯನೇ ಇನ್ನೂ ಹೊರಟಿಲ್ಲ, ನೀನು ಹೊರಟ್ಯಾ?" ಎಂದರು ಮುಖ್ಯಸ್ಥ ಬಾಂಗ್.

"ಇವತ್ತಿಂದ ಅಲ್ವಾ ಸರ್. ಮಗಳನ್ನ ಕರ್ಕೊಂಡು ಹೋಗ್ಬೇಕು."

"ಹೋಗು, ಹೋಗು. ನಮ್ಮ ಮಕ್ಕಳೆಲ್ಲ ತಾವಾಗೇ ಬೆಳೆದ್ಬಿಟ್ವು ನೋಡು."

ಸಂಗುಕ್ ನಕ್ಕು ತಲೆಬಾಗಿಸಿದ. ಬೆಳಿಗ್ಗೆ ಏಳಕ್ಕೆ ಬಂದು ನಾಲ್ಕಕ್ಕೆ ಹೊರಡುವ ಅನುಮತಿ ತಿಂಗಳುಗಟ್ಟಲೆ ಬೇಡಿದ ಮೇಲೆ ಸಿಕ್ಕಿತ್ತು. ಇಷ್ಟು ದಿನ ಆ ನಗರ ಕಚೇರಿಯ ಪಾಸ್‌ಪೋರ್ಟ್ ಕೌಂಟರಿನಲ್ಲಿ ರಾತ್ರಿಯವರೆಗೂ ಕೂರುತ್ತಿದ್ದವನು ಅವನೇ. ಇನ್ನು ಯಾರು ಕೂರುತ್ತಾರೆಂದು ಅವನು ಕೇಳಿರಲಿಲ್ಲ. ಕೇಳಿದರೆ ಅನುಮತಿ ಕೈತಪ್ಪೀತೆಂಬ ಭಯ.

ನೌಕರರ ಮಕ್ಕಳ ಶಿಶುವಿಹಾರ ಕಚೇರಿಯ ಹಿಂಬದಿಯಲ್ಲೇ ಇತ್ತು. ಬಾಗಿಲು ತೆರೆದ ಟೀಚರ್ ಗಾಬರಿಯಾದರು. "ನೀವಾ? ಯಾಕೆ, ಏನಾದ್ರೂ ಆಯ್ತಾ?"

ಐದು ವರ್ಷದ ದಾವೊನ್ ಮೂಲೆಯಲ್ಲಿ ಕೂತು, ಅಳುತ್ತಿದ್ದ ಪುಟ್ಟ ಹುಡುಗನೊಬ್ಬನ ಮೂಗು ಒರೆಸುತ್ತಿದ್ದಳು.

"ಬಾ ಪುಟ್ಟಿ, ಸಮುದ್ರದ ಕಡೆ ಹೋಗೋಣ. ಬಿಸಿಬಿಸಿ ಸಿಹಿರೊಟ್ಟಿ, ಹೊತ್ತೊಕ್ ಕೊಡಿಸ್ತೀನಿ."

"ಈಗ ಆಗಲ್ಲ ಅಪ್ಪ. ಎಲ್ರೂ ಹೋದ್ಮೇಲೆ ಈ ಹಂಗ್ಯೋಲ್ ಒಬ್ನೇ ಆಗ್ತಾನೆ."

"ಅವನಮ್ಮ ಬರ್ತಾರಲ್ಲ."

"ಬರಲ್ಲ. ಇವತ್ತಿಂದ ಪಾಸ್‌ಪೋರ್ಟ್ ಕೌಂಟರಲ್ಲಿ ಕೂರ್ಬೇಕಂತೆ."

ಸಂಗುಕ್ ಟೀಚರ್ ಮುಖ ನೋಡಿದ. ಅವರು ಚೆಲ್ಲಾಪಿಲ್ಲಿಯಾಗಿದ್ದ ಪುಟ್ಟ ಶೂಗಳನ್ನು ಜೋಡಿಸುತ್ತ ತಗ್ಗಿದ ದನಿಯಲ್ಲಿ ಹೇಳಿದರು: "ತಕ್ ಮಿರಾನ್ ಅವರ ಮಗ. ಬೆಳಿಗ್ಗೆ ಬಿಟ್ಟು ಹೋಗುವಾಗ ಹೇಳಿದ್ರು. ಆಗಿಂದ ಅಳ್ತಾನೇ ಇದಾನೆ."

ತಕ್ ಮಿರಾನ್ ಅವನ ವಿಭಾಗಕ್ಕೆ ಈಚೆಗೆ ಸೇರಿದವಳು. ಆಗುವುದಿಲ್ಲ ಎಂದು ಹೇಳುವಷ್ಟು ಹಳಬಳಲ್ಲ.

ಮಗಳನ್ನು ಎತ್ತಿಕೊಂಡು ಹೊರಟುಬಿಡಬಹುದಿತ್ತು. ಅದಕ್ಕೆಂದೇ ಬಂದದ್ದು. ಸಂಗುಕ್ ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತಿದ್ದ. ಆಮೇಲೆ ಬಗ್ಗಿ ಶೂ ಬಿಚ್ಚಿ, ಒಳಗೆ ಬಂದು, ಗೋಡೆಗೊರಗಿ ನೆಲದ ಮೇಲೆ ಕೂತ.

ದಾವೊನ್ ಅಪ್ಪನ ಕಡೆ ತಿರುಗಲಿಲ್ಲ. ಹುಡುಗನ ಬೆನ್ನು ಸವರುತ್ತ ದೊಡ್ಡವಳ ಹಾಗೆ ಹೇಳುತ್ತಿದ್ದಳು:

"ಅಳ್ಬೇಡ ಕಣೋ. ಮೊದಮೊದ್ಲು ಹಂಗೇ ಆಗೋದು. ಆಮೇಲೆ ಬಾಗಿಲ ಕಡೆ ನೋಡೋದೇ ಬಿಟ್ಬಿಡ್ತೀಯ."